ಪೆನ್ನಿನ ಪರೀಕ್ಷೆ ಕನ್ನಡದಲ್ಲೇ ಆಗಲಿ

ಇಂಕ್ ಪೆನ್ನು ಕೊಳ್ಳಬೇಕೆಂದಿರುವ ಗೆಳೆಯರು ನನ್ನನ್ನು ಕೇಳುವುದೆಲ್ಲ ಪೆನ್ನಿನ ಬಗ್ಗೆಯೇ. ಯಾವ ಕಂಪನಿಯದು ಒಳ್ಳೆಯದು, ನಿಬ್ಬು ಚಿನ್ನದ್ದೇ ಆಗಬೇಕೋ ಉಕ್ಕಿನದು ಸಾಕೋ, ಇಂಕು ತುಂಬಲು ಕಾರ್ಟ್ರಿಜ್ ಇರಲೋ ಪಿಸ್ಟನ್ ಇರಲೋ. ಯಾವ ಕಾಗದದ ಮೇಲೆ ಬರೆಯುತ್ತೀರಿ, ಯಾವ ಭಾಷೆಯಲ್ಲಿ ಬರೆಯುತ್ತೀರಿ ಎಂದು ನಾನು ಕೇಳಿದರೆ ಅದಕ್ಕೂ ಇದಕ್ಕೂ ಏನು ಸಂಬಂಧ ಎನ್ನುತ್ತಾರೆ. ಸಂಬಂಧ ಇದೆ. ಕನ್ನಡ ಬರೆಯುವವರು ಮೊದಲು ಆರಿಸಬೇಕಾದದ್ದು ಕಾಗದ, ಆಮೇಲೆ ಇಂಕು, ಪೆನ್ನಿನ ಸರದಿ ಕೊನೆಗೆ. ಮೂರನ್ನೂ ಕನ್ನಡ ಅಕ್ಷರ ಬರೆದೇ ಪರೀಕ್ಷಿಸಬೇಕು. ಪುಣೆಯಲ್ಲಿದ್ದುಕೊಂಡು ವರ್ಷಗಟ್ಟಲೆ ಪೆನ್ನು, ಇಂಕು, ನೋಟ್‌ಬುಕ್ಕುಗಳ ನಡುವೆ ಕಾಲ ಕಳೆದ ಮೇಲೆ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ ಇದು.

ಅಪ್ಪಾ ಬಳವಂತ ಚೌಕದ ಆಸುಪಾಸಿನ ಪೆನ್ನಿನ ಅಂಗಡಿಗಳಿಗೆ ಹೋದರೆ ಬರೆದು ನೋಡಲು ಒಂದು ಪ್ಯಾಡು ಕೊಡುತ್ತಾರೆ. ನುಣುಪಾದ ಒಳ್ಳೆಯ ಕಾಗದ, ಅದರ ಮೇಲೆ ಯಾವ ಪೆನ್ನಾದರೂ ಚೆನ್ನಾಗಿಯೇ ಬರೆಯುತ್ತದೆ. ಜನ ಒಂದು ಸಹಿ ಹಾಕುತ್ತಾರೆ, ಇಂಗ್ಲಿಷಿನ ಎಂಟರ ಅಂಕಿಯನ್ನು ನಾಲ್ಕು ಸಲ ಸುತ್ತುತ್ತಾರೆ, ಹಣ ಕೊಟ್ಟು ಹೊರಡುತ್ತಾರೆ. ಮನೆಗೆ ಬಂದು ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದಾಗ ಗೆರೆ ದಪ್ಪವಾಗಿ, ಅಂಚು ಒಡೆದು, ಹಿಂದಿನ ಪುಟದಲ್ಲೂ ಮೂಡುತ್ತದೆ. ಆಗ ಪೆನ್ನನ್ನು ಬೈಯುತ್ತಾರೆ. ಅಂಗಡಿಗೆ ಹೋಗುವಾಗ ನೀವು ದಿನವೂ ಬರೆಯುವ ನೋಟ್‌ಬುಕ್ಕನ್ನೇ ಚೀಲದಲ್ಲಿಟ್ಟುಕೊಂಡು ಹೋಗಿ, ಅದರಲ್ಲೇ ಬರೆದು ನೋಡಿ.

ಈಗ ಅಕ್ಷರದ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷನ್ನು ಕೂಡಿಸಿ ಬರೆಯುವಾಗ ಒಮ್ಮೆ ಊರಿದ ನಿಬ್ಬು ಪದ ಮುಗಿಯುವತನಕ ಹೆಚ್ಚಾಗಿ ಏಳುವುದಿಲ್ಲ. ಕನ್ನಡದಲ್ಲಿ ಅಕ್ಷರ ಅಕ್ಷರಕ್ಕೂ ಎದ್ದು ಮತ್ತೆ ಊರಬೇಕು. ತಲಕಟ್ಟಿಗೆ, ಒತ್ತಿಗೆ, ದೀರ್ಘಕ್ಕೆ ಮತ್ತೊಮ್ಮೆ ಊರಬೇಕಾಗುತ್ತದೆ. ಊರಿದೊಡನೆ ಇಂಕು ಬಾರದ ನಿಬ್ಬು ಇಂಗ್ಲಿಷಿನಲ್ಲಿ ಪದಕ್ಕೊಮ್ಮೆ ಕಾಡಿದರೆ ಕನ್ನಡದಲ್ಲಿ ಪದವೊಂದರಲ್ಲೇ ಹಲವು ಬಾರಿ ಕಾಡುತ್ತದೆ. ತುದಿಯನ್ನು ಅತಿಯಾಗಿ ಉಜ್ಜಿ ನುಣುಪು ಮಾಡಿದ ನಿಬ್ಬುಗಳಲ್ಲಿ ಈ ದೋಷ ಸಾಮಾನ್ಯ. ಸೀಳಿನ ಒಳಂಚು ದುಂಡಗಾಗಿ, ಇಂಕು ಸೀಳಿನಲ್ಲೇ ನಿಂತು ಕಾಗದವನ್ನು ಮುಟ್ಟುವುದಿಲ್ಲ. ದಿಕ್ಕಿನ ಮಾತೂ ಇದೆ. ನಮ್ಮ ಕಡೆಗೆ ಎಳೆಯುವಾಗ ಸಲೀಸಾಗಿ ಸಾಗುವ ನಿಬ್ಬು ಮೇಲಕ್ಕೆ ತಳ್ಳುವಾಗ ಗೀರಬಹುದು. ಅ, ಲ, ಉ, ಣ ಬರೆದು ನೋಡಿ. ನಿಬ್ಬು ಎಲ್ಲ ದಿಕ್ಕಿಗೂ ಸುತ್ತಿ ಬರುತ್ತದೆ, ಎಲ್ಲಿ ಗೀರುತ್ತದೆಂದು ಆ ನಾಲ್ಕೇ ಅಕ್ಷರದಲ್ಲಿ ತಿಳಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಅಕ್ಷರದೊಳಗಿನ ಜಾಗ. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ಪ ಮತ್ತು ಫ, ಡ ಮತ್ತು ಢ, ಬ ಮತ್ತು ಭ ಕೂಡ ಹಾಗೆಯೇ. ಠ ಮತ್ತು ಥ ಅಕ್ಷರಗಳ ಗುರುತು ಹೊಟ್ಟೆಯೊಳಗಿನ ಚುಕ್ಕೆ. ಅನುಸ್ವಾರ ಒಂದು ಸಣ್ಣ ಸೊನ್ನೆ, ಅದರ ನಡುವೆ ಬಿಳಿ ಉಳಿಯಬೇಕು. ಒತ್ತಕ್ಷರವಂತೂ ಮೂಲ ಅಕ್ಷರದ ಅರ್ಧದಷ್ಟಿರುತ್ತದೆ. ಇಂಕು ಕೂದಲೆಳೆಯಷ್ಟು ಹರಡಿದರೂ ಸಾಕು, ಸೀಳು ಮುಚ್ಚಿಹೋಗುತ್ತದೆ, ಚುಕ್ಕೆ ಹೊಟ್ಟೆಗೆ ಅಂಟಿಕೊಳ್ಳುತ್ತದೆ, ಅನುಸ್ವಾರ ಕಪ್ಪು ಬೊಟ್ಟಾಗುತ್ತದೆ. ರೋಮನ್ ಅಕ್ಷರಗಳಲ್ಲಿ ಅಷ್ಟು ಹರಡಿದರೂ ಓದಲು ತೊಡಕಾಗುವುದು ಕಡಿಮೆ. ಆದ್ದರಿಂದಲೇ ಇಂಗ್ಲಿಷ್ ಬರೆದು ‘ಈ ಕಾಗದ ಪರವಾಗಿಲ್ಲ’ ಎನ್ನುವವರ ತೀರ್ಪನ್ನು ನಾನು ನೇರವಾಗಿ ಒಪ್ಪಿಕೊಳ್ಳುವುದಿಲ್ಲ.

ನಮ್ಮ ಮೇಲಿನ ಮಹಡಿಯ ಮರಾಠಿ ಕಾಕಾ ನಿವೃತ್ತರು, ದಿನಚರಿಯನ್ನು ಮೀಡಿಯಂ, ಎಂದರೆ ನಡುದಪ್ಪದ ನಿಬ್ಬಿನಲ್ಲಿ ಬರೆಯುತ್ತಾರೆ. ಅವರ ದೇವನಾಗರಿ ಆ ನೋಟ್‌ಬುಕ್ಕಿನಲ್ಲಿ ಸ್ಪಷ್ಟವಾಗಿ, ಚಂದವಾಗಿ ಕಾಣುತ್ತದೆ. ಅವರದೇ ಪೆನ್ನಿನಲ್ಲಿ, ಅದೇ ಪುಟದ ಕೆಳಗೆ, ಅವರ ಅಕ್ಷರದಷ್ಟೇ ಎತ್ತರದಲ್ಲಿ ನಾನು ಕನ್ನಡ ಬರೆದರೆ ಒತ್ತಕ್ಷರಗಳು ತುಂಬಿಹೋಗುತ್ತವೆ. ಪೆನ್ನೂ ಕೆಟ್ಟದ್ದಲ್ಲ, ಕಾಗದವೂ ಅವರ ಬರಹಕ್ಕೆ ಕೆಟ್ಟದ್ದಲ್ಲ. ನನ್ನ ಲಿಪಿಗೆ ಬೇಕಾದದ್ದು ಬೇರೆ.

ನಾನು ಪರೀಕ್ಷೆಗೆ ಬರೆಯುವ ವಾಕ್ಯ ಹೀಗಿದೆ: ‘ಮಧ್ಯಾಹ್ನದ ಕಂಠಪಾಠ ಸ್ಪರ್ಧೆಯಲ್ಲಿ ವಿದ್ಯಾರ್ಥಿನಿ ಸ್ವಾತಂತ್ರ್ಯದ ಅರ್ಥ ಹೇಳಿದಳು.’ ತ್ರ್ಯ ಬರೆಯುವಾಗ ಕೆಳಗೆ ಎರಡು ಒತ್ತು ಕೂರಬೇಕು. ಠ, ಥ, ಧ ಮೂರೂ ಇವೆ, ಅನುಸ್ವಾರ ಎರಡು ಕಡೆ ಬರುತ್ತದೆ. ಇದನ್ನು ನಿಮ್ಮ ಎಂದಿನ ಗಾತ್ರದಲ್ಲಿ, ಎಂದಿನ ವೇಗದಲ್ಲಿ ಬರೆಯಿರಿ. ಪಕ್ಕದಲ್ಲಿ ನಿಬ್ಬನ್ನು ಒಂದೆರಡು ಕ್ಷಣ ಹಾಗೆಯೇ ಒತ್ತಿಹಿಡಿದು ಒಂದು ಚುಕ್ಕೆ ಇಡಿ. ಒಣಗಿದ ಮೇಲೆ ಪುಟ ತಿರುಗಿಸಿ ನೋಡಿ. ಅಕ್ಷರದ ನೆರಳು ಮಾತ್ರ ಕಂಡರೆ ಕಾಗದ ತೆಳುವಾಗಿದೆ ಅಷ್ಟೇ, ಹಿಂಬದಿಯಲ್ಲೂ ಬರೆಯಬಹುದು. ಇಂಕೇ ಆ ಕಡೆಗೆ ಒಸರಿ ಬಂದಿದ್ದರೆ ಆ ಕಾಗದ ಆ ಇಂಕಿಗೆ ಒಗ್ಗುವುದಿಲ್ಲ. ಇವೆರಡು ಬೇರೆ ಬೇರೆ ದೋಷಗಳು, ಬಹಳ ಮಂದಿ ಒಂದೇ ಎಂದುಕೊಳ್ಳುತ್ತಾರೆ.

ಕಾಗದ ಯಾಕೆ ಹೀಗೆ ವರ್ತಿಸುತ್ತದೆ? ಅದು ನಾರುಗಳ ಹೆಣಿಗೆ. ಮರದ್ದಿರಲಿ, ಬಿದಿರಿನದಿರಲಿ, ಚಿಂದಿಬಟ್ಟೆಯದಿರಲಿ, ನಾರು ನೀರನ್ನು ಹೀರುತ್ತದೆ. ಹೀರದಂತೆ ತಡೆಯುವುದು ತಯಾರಿಕೆಯಲ್ಲಿ ಸೇರಿಸುವ ಸೈಜಿಂಗ್ ಎಂಬ ಲೇಪ. ತಿರುಳಿನಲ್ಲೇ ರಾಳ ಮತ್ತು ಪಟಿಕ ಬೆರೆಸುವುದು ಹಳೆಯ ಕ್ರಮ, ಈಗ ಬೇರೆ ರಾಸಾಯನಿಕಗಳೂ ಬಂದಿವೆ. ಮೇಲ್ಮೈಗೆ ಪಿಷ್ಟದ ಗಂಜಿ ಹಚ್ಚುವುದೂ ಉಂಟು. ಈ ಲೇಪ ಇಲ್ಲದ ಕಾಗದವೇ ಬ್ಲಾಟಿಂಗ್ ಪೇಪರ್. ಅಗ್ಗದ ನೋಟ್‌ಬುಕ್ಕುಗಳಲ್ಲಿ ಈ ಲೇಪಕ್ಕೇ ಕತ್ತರಿ ಬೀಳುತ್ತದೆ. ಬಾಲ್‌ಪೆನ್ನಿನ ಇಂಕು ಎಣ್ಣೆಯಂತೆ ಮಂದವಾಗಿರುವುದರಿಂದ ಅದಕ್ಕೆ ಲೇಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ ಕೊಳ್ಳುವವರಿಗೆ ಕೊರತೆ ಗೊತ್ತಾಗುವುದೇ ಇಲ್ಲ.

ಈ ಊರಿನಲ್ಲಿ ಇದನ್ನು ಬಲ್ಲವರು ಹಿಂದೆ ಬಹಳ ಮಂದಿ ಇದ್ದರು. ಪುಣೆಯ ಪೇಶ್ವೆ ದಫ್ತರ ಎಂಬ ದಾಖಲೆ ಸಂಗ್ರಹದಲ್ಲಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಡತಗಳು ರಾಶಿ ರಾಶಿ ಇವೆ. ಹತ್ತಿರದ ಜುನ್ನರದಲ್ಲಿ ಕಾಗಜಿ ಮನೆತನದವರು ಕೈಯಿಂದ ಕಾಗದ ಮಾಡುತ್ತಿದ್ದರು. ಹಾಳೆಗೆ ಗಂಜಿ ಬಳಿದು, ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ತರುವುದು ನಮ್ಮ ದೇಶದ ಕೈಕಾಗದದ ಪದ್ಧತಿ. ಆ ಹೊಳಪಿನ ಮೇಲೆ ಬೋರು ಎಂಬ ಜೊಂಡಿನ ಲೇಖಣಿ ಜಾರುತ್ತ, ಸಾಲಿಡೀ ಎತ್ತದೆ ಬರೆಯುತ್ತ ಹೋಗುವ ಲಿಪಿ ಮೋಡಿ. ಬೆಳಗಾವಿ, ಧಾರವಾಡ ಕಡೆಯ ಹಳೆಯ ದಾಖಲೆಗಳಲ್ಲಿಯೂ ಅದೇ ಲಿಪಿ ಸಿಗುತ್ತದೆ. ಲಿಪಿಗೆ ತಕ್ಕ ಕಾಗದ, ಕಾಗದಕ್ಕೆ ತಕ್ಕ ಲೇಖಣಿ, ಅದಕ್ಕೆ ತಕ್ಕ ಕಾಡಿಗೆಯ ಮಸಿ ಎಂಬ ಎಚ್ಚರ ಅವರಿಗಿತ್ತು. ನಮಗೂ ಇರಬೇಕು ಎನ್ನುವುದಷ್ಟೇ ನನ್ನ ಆಸೆ.

ಕಾಗದ ಕೊಳ್ಳುವಾಗ ಎಲ್ಲರೂ ನೋಡುವುದು ಜಿಎಸ್‌ಎಂ ಸಂಖ್ಯೆ. ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದಷ್ಟೇ ಅದರ ಅರ್ಥ. ಅದು ಇಂಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಜಪಾನಿನ ಟೊಮೊಯೆ ರಿವರ್ ಕಾಗದ 52 ಜಿಎಸ್‌ಎಂ ತೂಕದಲ್ಲೂ ಸಿಗುತ್ತದೆ, ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳು. ಅದರ ಮೇಲೆ ಇಂಕು ಹರಡುವುದಿಲ್ಲ, ಹಿಂದಕ್ಕೆ ಒಸರುವುದೂ ಅಪರೂಪ. 75 ಜಿಎಸ್‌ಎಂನ ಜೆರಾಕ್ಸ್ ಕಾಗದದಲ್ಲಿ ಅದೇ ಪೆನ್ನು ಗೆರೆಯ ಎರಡೂ ಕಡೆ ಬೇರು ಬಿಡಬಹುದು. ಫ್ರಾನ್ಸಿನ ರೋಡಿಯಾ, ಜಪಾನಿನ ಮಿಡೋರಿ, ಕೊಕುಯೊ ಕ್ಯಾಂಪಸ್ ನೋಟ್‌ಬುಕ್ಕುಗಳಲ್ಲಿ ನನ್ನ ಪರೀಕ್ಷಾ ವಾಕ್ಯದ ಥ, ಧ, ತ್ರ್ಯ ಎಲ್ಲವೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಇಲ್ಲಿಯ ನೋಟ್‌ಬುಕ್ಕುಗಳಲ್ಲಿಯೂ ಒಳ್ಳೆಯವು ಇವೆ, ಆದರೆ ಒಂದು ಕಂತಿನ ಗುಣ ಇನ್ನೊಂದು ಕಂತಿನಲ್ಲಿ ಇರುತ್ತದೆಂಬ ಭರವಸೆ ಇಲ್ಲ. ಜೂನ್‌ನಲ್ಲಿ ಕೊಂಡದ್ದು ಚೆನ್ನಾಗಿದೆಯೆಂದು ದೀಪಾವಳಿಯ ಹೊತ್ತಿಗೆ ಅದೇ ರಟ್ಟಿನ ಅದೇ ಹೆಸರಿನ ಪುಸ್ತಕ ತಂದರೆ ಒಳಗಿನ ಕಾಗದ ಬೇರೆಯೇ ಇರುತ್ತದೆ. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುವ ವಿಷಯ. ಒಂದು ಪುಸ್ತಕ ಒಗ್ಗಿತೆಂದರೆ ಅದೇ ಕಟ್ಟಿನಿಂದ ಇನ್ನೂ ಕೆಲವನ್ನು ತೆಗೆದಿಟ್ಟುಕೊಳ್ಳಿ.

ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಗದ ಗಾಳಿಯ ತೇವವನ್ನು ಹೀರುತ್ತದೆ. ಜುಲೈ ತಿಂಗಳ ಪುಣೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಮುಂಬಯಿಯಲ್ಲಿ, ಬೇಸಿಗೆಯಲ್ಲಿ ಸೊಗಸಾಗಿದ್ದ ಹಾಳೆಯ ಮೇಲೆ ಇಂಕು ಹರಡತೊಡಗುತ್ತದೆ. ಟೊಮೊಯೆ ರಿವರ್‌ನಂತಹ ಕಾಗದದಲ್ಲಿ ಹರಡುವುದಿಲ್ಲ, ಆದರೆ ಒಣಗುವುದೇ ಇಲ್ಲವೇನೋ ಎನ್ನಿಸುತ್ತದೆ. ಏಪ್ರಿಲ್‌ನಲ್ಲಿ ತದ್ವಿರುದ್ಧ: ಮುಚ್ಚಳ ತೆಗೆದಿಟ್ಟು ಯೋಚಿಸುತ್ತ ಕುಳಿತರೆ ನಿಬ್ಬೇ ಒಣಗಿರುತ್ತದೆ. ಹೊರದೇಶದವರು ಹೇಳುವ ಒಣಗುವ ಸಮಯವನ್ನು ನಂಬಿ ಇಲ್ಲಿ ಇಂಕು ಕೊಳ್ಳಬೇಡಿ.

ಇಂಕಿನಲ್ಲಿ ಒದ್ದೆ ಸ್ವಭಾವದ್ದು, ಒಣ ಸ್ವಭಾವದ್ದು ಎಂದು ಎರಡು ಬಗೆ. ಪೈಲಟ್ ಕಂಪನಿಯ ಇರೋಶಿಝುಕು ಇಂಕುಗಳು ಧಾರಾಳವಾಗಿ ಹರಿಯುತ್ತವೆ, ಒಳ್ಳೆಯ ಕಾಗದದಲ್ಲಿ ಬಣ್ಣ ಮನಸ್ಸು ತುಂಬುತ್ತದೆ. ಪೆಲಿಕಾನ್ 4001 ಸಾಲಿನ ಇಂಕುಗಳು ಬಿಗಿಯಾಗಿ ಇಳಿಯುತ್ತವೆ, ಸಾಧಾರಣ ಕಾಗದಕ್ಕೆ ಅವೇ ಲೇಸು. ಅದರ ನೀಲಿಗಪ್ಪು ಇಂಕಿನಲ್ಲಿ ಕಬ್ಬಿಣದ ಅಂಶವಿದೆ. ಮಾಚಿಕಾಯಿಯ ಒಗರು ಮತ್ತು ಕಬ್ಬಿಣದ ಲವಣ ಸೇರಿಸಿ ಮಸಿ ಮಾಡುವುದು ಯುರೋಪಿನಲ್ಲಿ ಶತಮಾನಗಳ ಕಾಲ ನಡೆದುಬಂದ ವಿಧಾನ, ಇದು ಅದೇ ಜಾತಿಯದು. ಬರೆದಾಗ ನೀಲಿಯಾಗಿದ್ದು ಗಾಳಿ ತಾಗುತ್ತ ಕಪ್ಪಾಗುತ್ತದೆ, ನಾರಿನಲ್ಲಿ ಕಚ್ಚಿಕೊಂಡು ನೀರಿಗೂ ಪೂರ್ತಿ ಅಳಿಯದೆ ಉಳಿಯುತ್ತದೆ. ಅಗ್ಗದ ಕಾಗದದಲ್ಲಿ ಇದರಷ್ಟು ಕಡಿಮೆ ಹರಡುವ ಇಂಕು ನನ್ನ ಕೈಗೆ ಬೇರೆ ಬಂದಿಲ್ಲ. ಪೆನ್ನಿನೊಳಗೆ ಒಣಗಲು ಬಿಡದೆ ಆಗಾಗ ತೊಳೆಯುತ್ತಿರಬೇಕು, ಅಷ್ಟೇ. ಇನ್ನು 1931ರಲ್ಲಿ ಮುಂಬಯಿಯಲ್ಲಿ ದಾಂಡೇಕರ್ ಮನೆಯವರು ಇಂಕಿನ ಪುಡಿಯಿಂದ ಶುರುಮಾಡಿದ ಕ್ಯಾಮ್ಲಿನ್ ಸಂಸ್ಥೆಯ ಕ್ಯಾಮೆಲ್ ರಾಯಲ್ ಬ್ಲೂ ಇದೆಯಲ್ಲ, ಮಕ್ಕಳಿಗೆ ನಾನು ಅದನ್ನೇ ಹೇಳುತ್ತೇನೆ. ಅಗ್ಗ, ಎಲ್ಲೆಡೆ ಸಿಗುತ್ತದೆ, ಪೆನ್ನನ್ನು ತೊಳೆಯುವುದು ಸುಲಭ. ಅಂಚೆ ವಿಳಾಸ ಬರೆಯಲು ಮಾತ್ರ ರಾಯಲ್ ಬ್ಲೂ ಬೇಡ, ಒಂದು ಮಳೆಹನಿ ಬಿದ್ದರೆ ಊರಿನ ಹೆಸರು ಕರಗಿಹೋಗುತ್ತದೆ.

ಪೆನ್ನಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಜಪಾನಿನವರು ಒಂದೇ ಅಕ್ಷರದಲ್ಲಿ ಹತ್ತಾರು ಗೆರೆ ಎಳೆಯಬೇಕಾದ ಲಿಪಿ ಬರೆಯುವವರು. ಅವರ ಫೈನ್ ನಿಬ್ಬು ಯುರೋಪಿನವರ ಫೈನ್‌ಗಿಂತ ಸಣ್ಣದು. ಒತ್ತಕ್ಷರ ಬರೆಯುವ ನಮಗೂ ಅದೇ ಹೊಂದುತ್ತದೆ. ಪ್ಲಾಟಿನಮ್ ಪ್ರೆಪ್ಪಿ ಎಂಬ ಅಗ್ಗದ ಪೆನ್ನಿನಲ್ಲಿ 03 ಎಂದು ಗುರುತಿಸಿದ ಸಣ್ಣ ನಿಬ್ಬು ಶಾಲೆಯ ನೋಟ್‌ಬುಕ್ಕಿನಲ್ಲಿ ಕನ್ನಡ ಬರೆಯಲು ಸಾಕೋ ಸಾಕು. ದುಬಾರಿ ಚಿನ್ನದ ನಿಬ್ಬಿಗೆ ಹಣ ಸುರಿದು ಬರೆಯುವುದು ಹೀರುವ ಕಾಗದದ ಮೇಲೆಯೇ ಆದರೆ ಆ ಹಣವೆಲ್ಲ ದಂಡ.

ಇಷ್ಟೆಲ್ಲ ಬರೆಯಲು ಕಾರಣ ಮಕ್ಕಳು. ನಮ್ಮ ವಸತಿ ಸಮುಚ್ಚಯದಲ್ಲಿ ಭಾನುವಾರ ಕೆಲವು ಮಕ್ಕಳಿಗೆ ಕನ್ನಡ ಓದು ಬರಹ ಹೇಳಿಕೊಡುತ್ತೇನೆ. ಪುಣೆಯಲ್ಲಿ ಹುಟ್ಟಿದವರು, ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಅಜ್ಜಿಗೆ ತಾವೇ ಪತ್ರ ಬರೆಯಬೇಕೆಂಬ ಹಂಬಲದಿಂದ ಬರುತ್ತಾರೆ. ಒಬ್ಬ ಹುಡುಗಿಯ ಪುಸ್ತಕದಲ್ಲಿ ಧ, ಥ ಎಲ್ಲವೂ ಒಂದೇ ನೀಲಿ ಉಂಡೆ. ‘ಇವಳ ಅಕ್ಷರ ತಿದ್ದುವುದು ಸಾಧ್ಯವೇ ಇಲ್ಲ’ ಎಂದು ತಾಯಿ ನೊಂದುಕೊಂಡಿದ್ದರು. ಸಣ್ಣ ನಿಬ್ಬಿನ ಪೆನ್ನು, ಲೇಪ ಸರಿಯಾಗಿರುವ ಕಾಗದ ಕೊಟ್ಟು ಅದೇ ಪಾಠ ಬರೆಯಿಸಿದೆ. ಸೀಳು ಸೀಳಾಗಿ, ಚುಕ್ಕೆ ಚುಕ್ಕೆಯಾಗಿ ಕಂಡಿತು. ಆ ಹುಡುಗಿಗೆ ಅಕ್ಷರಗಳ ವ್ಯತ್ಯಾಸ ಮೊದಲಿನಿಂದಲೂ ಗೊತ್ತಿತ್ತು, ಅವಳ ಕೈ ಅದನ್ನು ಬರೆಯುತ್ತಲೂ ಇತ್ತು. ಕಾಗದ ಅದನ್ನು ನುಂಗುತ್ತಿತ್ತು. ಮಗುವಿನ ಕೈಯನ್ನು ದೂರುವ ಮೊದಲು ಪುಟ ತಿರುಗಿಸಿ ಹಿಂಬದಿ ನೋಡಿ ಎಂದು ಎಲ್ಲ ತಂದೆತಾಯಿಯರನ್ನೂ ಬೇಡಿಕೊಳ್ಳುತ್ತೇನೆ. ಎಡಗೈಯಲ್ಲಿ ಬರೆಯುವ ಮಗುವಾದರೆ ಬೇಗ ಒಣಗುವ ಇಂಕು, ಸ್ವಲ್ಪ ಹೀರುವ ಕಾಗದವೇ ಮೇಲು. ಬರೆದ ಸಾಲಿನ ಮೇಲೇ ಅದರ ಕೈ ಸರಿಯುತ್ತದೆ.

ಗೆರೆಯ ಅಂತರವೂ ನಮಗೆ ತಕ್ಕದ್ದಾಗಿಲ್ಲ. ಎಂಟು ಮಿಲಿಮೀಟರ್ ಅಂತರದ ಸಾಲಿನಲ್ಲಿ ಮಗು ಬರೆದ ಸ್ತ್ರೀ ಎಂಬುದರ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ. ಹತ್ತು ಮಿಲಿಮೀಟರ್ ಅಂತರ, ಕಣ್ಣಿಗೆ ಹೊಡೆಯದ ತಿಳಿ ಬೂದು ಗೆರೆ, ಇಂಕು ತಾಳುವ ಕಾಗದ ಇರುವ ಕನ್ನಡದ ಬರಹದ ಪುಸ್ತಕವನ್ನು ಯಾರಾದರೂ ಮಾಡಬೇಕು. ಭದ್ರಾವತಿಯಲ್ಲಿ 1936ರಲ್ಲಿ, ದಾಂಡೇಲಿಯಲ್ಲಿ 1955ರಲ್ಲಿ ಕಾಗದ ಕಾರ್ಖಾನೆಗಾಗಿ ಕಂಪನಿ ಕಟ್ಟಿದ ನಾಡು ನಮ್ಮದು. ಇದು ನಮ್ಮ ಕೈಗೆ ಎಟುಕದ ಕೆಲಸವಲ್ಲ.

ಅದು ಆಗುವವರೆಗೆ ಪುಣೆ, ಮುಂಬಯಿ, ಗೋವಾದ ಕನ್ನಡ ಬಳಗಗಳವರಲ್ಲಿ ಒಂದು ಕೋರಿಕೆ. ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳಿಗೆ ಪ್ಲಾಸ್ಟಿಕ್ಕಿನ ಟ್ರೋಫಿ ಕೊಡುವುದನ್ನು ಈ ನವೆಂಬರಿನಿಂದ ನಿಲ್ಲಿಸಿ. ಅದೇ ಹಣದಲ್ಲಿ ಸಣ್ಣ ನಿಬ್ಬಿನ ಒಂದು ಇಂಕ್ ಪೆನ್ನು, ಒಂದು ಬಾಟಲಿ ರಾಯಲ್ ಬ್ಲೂ, ಕನ್ನಡ ಬರೆದು ಪರೀಕ್ಷಿಸಿದ ಒಂದು ನೋಟ್‌ಬುಕ್ಕು ಬರುತ್ತದೆ. ಯಾವ ಅಂಗಡಿಯಲ್ಲಿ ಯಾವುದು ಸಿಗುತ್ತದೆ, ಈಗಿನ ಕಂತಿನ ಕಾಗದ ಹೇಗಿದೆ ಎಂದು ಬೇಕಾದರೆ ನನ್ನನ್ನು ಕೇಳಿ. ಚೌಕಕ್ಕೆ ಜೊತೆಯಲ್ಲಿ ಬಂದು ಬರೆದು ನೋಡಿ ಆರಿಸಿಕೊಡುತ್ತೇನೆ.