ಉಪ್ಪು ತಿಂದ ಝೋಂಬಿ

ಹೋದ ವರ್ಷ ಡಾಕ್ಟರು ನನ್ನ ಬಿಪಿ ನೋಡಿ, ಉಪ್ಪು ಕಮ್ಮಿ ಮಾಡಿ ಅಂದರು. ನನ್ನ ಹೆಂಡತಿ ಕಮ್ಮಿ ಮಾಡಲಿಲ್ಲ, ಬಿಟ್ಟೇಬಿಟ್ಟಳು. ಸಪ್ಪೆ ಸಾರು, ಸಪ್ಪೆ ಪಲ್ಯ. ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ನನ್ನ ಕೈಗೆ ಸಿಗದ ಕಪಾಟಿಗೆ ಹೋಯಿತು. ಒಂದು ಶನಿವಾರ ಬೇಲಿ ಪಕ್ಕ ನಿಂತು ಆಚೆ ಮನೆಯ ಅಜ್ಜಿಯ ಹತ್ತಿರ ಈ ಗೋಳು ಹೇಳಿಕೊಂಡೆ. ಅವರು ಕೆರಿಬಿಯನ್ ಸಮುದ್ರದ ಹೈಟಿ ದೇಶದವರು. ಬಾಸ್ಟನ್ನಿನ ದಕ್ಷಿಣಕ್ಕಿರುವ ನಮ್ಮ ಊರಿನಲ್ಲಿ ಹೈಟಿಯವರು ಜಾಸ್ತಿ. ಅಜ್ಜಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, ಮುಖ ಗಂಭೀರ ಮಾಡಿಕೊಂಡು, "ಉಪ್ಪಿಲ್ಲದ ಊಟ ಹಾಕ್ತಿದ್ದಾಳಾ? ಹುಷಾರು ಮಗಾ. ನಿನ್ನನ್ನು ಝೋಂಬಿ ಮಾಡೋಕೆ ಹೊರಟಿದ್ದಾಳೆ" ಅಂದರು. ಆಮೇಲೆ ನಕ್ಕರು.

ನನಗೆ ಅದು ಅರ್ಥವಾಗಲಿಲ್ಲ. ಝೋಂಬಿ ಅಂದರೆ ನನಗೆ ಗೊತ್ತಿದ್ದದ್ದು ಅಕ್ಟೋಬರ್ ಕೊನೆಗೆ ಮಕ್ಕಳು ಮುಖಕ್ಕೆ ಬಳಿದುಕೊಳ್ಳುವ ಹಸಿರು ಬಣ್ಣ, ಕೈ ಮುಂದೆ ಚಾಚಿ ಮನುಷ್ಯರ ಮಾಂಸಕ್ಕೆ ಬರುವ ಸಿನಿಮಾದ ಹೆಣ. ಆ ಮಾಂಸ ತಿನ್ನುವ ಹೆಣಕ್ಕೂ ಹೈಟಿಗೂ ಸಂಬಂಧ ಇಲ್ಲ. ಅದು 1968ರ ಒಂದು ಅಮೆರಿಕನ್ ಸಿನಿಮಾದಿಂದ ಶುರುವಾದದ್ದು. ಹೈಟಿಯ ಝೋಂಬಿ ಯಾರನ್ನೂ ಕಚ್ಚುವುದಿಲ್ಲ. ತಲೆ ತಗ್ಗಿಸಿ ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡುತ್ತದೆ, ಅಷ್ಟೇ. ಅಲ್ಲಿ ಝೋಂಬಿ ಬಂದು ಹಿಡಿಯುತ್ತದೆ ಅಂತ ಯಾರೂ ಹೆದರುವುದಿಲ್ಲ. ತಾವೇ ಝೋಂಬಿ ಆಗಿಬಿಟ್ಟರೆ ಅಂತ ಹೆದರುತ್ತಾರೆ.

ನಮ್ಮ ಕಡೆ, ಅಂದರೆ ಕಾರ್ಕಳದ ಕಡೆ, ಸತ್ತವನು ಕಾಟ ಕೊಡುತ್ತಾನೆ ಅಂದರೆ ಅವನಿಗೆ ಏನೋ ಬಾಕಿ ಇದೆ ಅಂತ ಅರ್ಥ. ಆಸೆ ತೀರಿಲ್ಲ, ಮದುವೆಯಾಗಿಲ್ಲ, ಯಾರೋ ಅನ್ಯಾಯ ಮಾಡಿದ್ದಾರೆ. ಮೈ ಸುಟ್ಟಾಗಿದೆ, ಜೀವ ಮಾತ್ರ ಅಲೆಯುತ್ತಿದೆ. ಹೈಟಿಯಲ್ಲಿ ಇದು ತಿರುವುಮುರುವು. ಜೀವವನ್ನು ಯಾರೋ ಕದ್ದು ಶೀಸೆಯಲ್ಲಿ ಹಾಕಿಟ್ಟಿದ್ದಾನೆ, ಮೈ ಮಾತ್ರ ದುಡಿಯುತ್ತಿದೆ. ಕದಿಯುವವನ ಹೆಸರು ಬೊಕೋರ್. ಪೂಜೆ ಪುನಸ್ಕಾರ ಮಾಡಿಸುವ ಊಂಗಾನ್ ಬೇರೆ, ದುಡ್ಡಿಗೆ ಮಾಟ ಮಾಡುವ ಬೊಕೋರ್ ಬೇರೆ. ನಮ್ಮಲ್ಲೂ ಅರ್ಚಕರು ಬೇರೆ, ಮಂತ್ರವಾದಿ ಬೇರೆ, ಅಲ್ವಾ?

ಅದಕ್ಕೇ ಅಲ್ಲಿ ಹೆಣ ಕಾಯುವುದು ದೊಡ್ಡ ಕೆಲಸ. ಸಮಾಧಿಯ ಮೇಲೆ ಭಾರದ ಕಲ್ಲು ಹೇರುತ್ತಾರೆ. ಪೆಟ್ಟಿಗೆಯೊಳಗೆ ಎಳ್ಳು ಸುರಿಯುತ್ತಾರೆ, ಹೆಣ ಅದನ್ನು ಎಣಿಸುತ್ತಾ ಕೂತಿರಲಿ, ಕರೆದರೆ ಓಗೊಡದಿರಲಿ ಅಂತ. ಕೆಲವರು ಕಣ್ಣಿಲ್ಲದ ಸೂಜಿ ಮತ್ತು ದಾರ ಇಡುತ್ತಾರಂತೆ. ಪೋಣಿಸಲು ಆಗುವುದಿಲ್ಲ, ಪ್ರಯತ್ನ ಬಿಡುವುದೂ ಇಲ್ಲ. ಸತ್ತವರಿಗೆ ಎಳ್ಳು ಬಿಡುವ ನಾವು ಅದನ್ನು ಎಣಿಸಲು ಯಾವತ್ತೂ ಹೇಳಿಲ್ಲ.

ಇಷ್ಟು ಹೆದರಿಕೆ ಎಲ್ಲಿಂದ ಬಂತು ಅಂದರೆ, ಆ ನೆಲದ ಚರಿತ್ರೆ ಒಮ್ಮೆ ನೋಡಬೇಕು. ಫ್ರೆಂಚರ ಕೈಯಲ್ಲಿದ್ದಾಗ ಅದರ ಹೆಸರು ಸಾಂ ದೊಮಿಂಗ್. ಯೂರೋಪಿನ ಸಕ್ಕರೆ, ಕಾಫಿಯ ದೊಡ್ಡ ಪಾಲು ಅಲ್ಲಿಂದಲೇ. 1789ರ ಹೊತ್ತಿಗೆ ಅಲ್ಲಿ ಸುಮಾರು 5 ಲಕ್ಷ ಗುಲಾಮರು. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದವರು, ಬಂದ ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದವರು. ಅವರಿಗೆ ಒಂದೇ ಸಮಾಧಾನ. ಸತ್ತ ಮೇಲೆ ಜೀವ ಸಮುದ್ರ ದಾಟಿ ಗಿನೆಗೆ, ಅಂದರೆ ಆಫ್ರಿಕಾದ ತವರಿಗೆ, ವಾಪಸ್ಸು ಹೋಗುತ್ತದೆ. ಝೋಂಬಿ ಅಂದರೆ ಆ ದಾರಿಯೂ ಮುಚ್ಚಿಹೋದವನು. ಸತ್ತರೂ ಬಿಡುಗಡೆ ಇಲ್ಲ, ಸತ್ತರೂ ಕಬ್ಬು ಕಡಿಯಬೇಕು. ಇದಕ್ಕಿಂತ ದೊಡ್ಡ ನರಕ ಗುಲಾಮನಿಗೆ ಬೇರೆ ಇದ್ದೀತೇ?

1791ರಲ್ಲಿ ಅವರು ದಂಗೆ ಎದ್ದರು. ತಮ್ಮ ವೂಡೂ ಧರ್ಮದ ಪೂಜೆಯೊಂದರಿಂದಲೇ ಅದು ಶುರುವಾಯಿತು ಅಂತ ಹೈಟಿಯವರು ಹೆಮ್ಮೆಯಿಂದ ಹೇಳುತ್ತಾರೆ. 1804ರ ಜನವರಿ 1ಕ್ಕೆ ಸ್ವಾತಂತ್ರ್ಯ. ಆದರೆ 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗು ತಂದು ನಿಲ್ಲಿಸಿ, ನಮ್ಮ ಆಸ್ತಿ ಹೋಯಿತು, 15 ಕೋಟಿ ಫ್ರಾಂಕ್ ಕೊಡಿ ಅಂದಿತು. ಆ ಆಸ್ತಿಯಲ್ಲಿ ಗುಲಾಮರಾಗಿದ್ದ ಹೈಟಿಯವರೂ ಸೇರಿದ್ದರು! ಆಮೇಲೆ 9 ಕೋಟಿಗೆ ಇಳಿಸಿದರು. ಅದನ್ನು ತೀರಿಸಲು ಮಾಡಿದ ಸಾಲ ಮುಗಿದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ.

ಈಗ ಉಪ್ಪಿನ ವಿಷಯ. ಅಜ್ಜಿ ಹೇಳಿದ್ದು ಇಷ್ಟು: ಝೋಂಬಿಗೆ ಉಪ್ಪಿಲ್ಲದ ಗಂಜಿ ಮಾತ್ರ ಹಾಕಬೇಕು. ಒಂದು ಹರಳು ಉಪ್ಪು ನಾಲಿಗೆಗೆ ತಾಗಿದರೆ ಸಾಕು, ನಾನು ಯಾರು, ಎಲ್ಲಿದ್ದೇನೆ ಅಂತ ನೆನಪಾಗಿಬಿಡುತ್ತದೆ. ಆಮೇಲೆ ಯಜಮಾನನ ಗತಿ ಮುಗಿಯಿತು. 1915ರಿಂದ 1934ರವರೆಗೆ ಹೈಟಿ ಅಮೆರಿಕದ ಸೈನ್ಯದ ಕೈಯಲ್ಲಿತ್ತು. ಆಗ ಹಳ್ಳಿಯವರನ್ನು ಹಿಡಿದು ತಂದು ಬಿಟ್ಟಿ ರಸ್ತೆ ಕೆಲಸ ಮಾಡಿಸಿದ್ದೂ ಉಂಟು. ಆ ಕಾಲದಲ್ಲಿ ಹೋಗಿದ್ದ ಅಮೆರಿಕನ್ ಪತ್ರಕರ್ತನೊಬ್ಬ 1929ರಲ್ಲಿ ಒಂದು ಕಥೆ ಬರೆದ. ಅಮೆರಿಕನ್ ಸಕ್ಕರೆ ಕಂಪನಿಯ ಗದ್ದೆಗೆ ಒಬ್ಬ ಮೇಸ್ತ್ರಿ ಝೋಂಬಿಗಳ ಒಂದು ತಂಡವನ್ನೇ ಕೂಲಿಗೆ ತರುತ್ತಾನೆ. ಕೂಲಿಯೆಲ್ಲಾ ಅವನ ಜೇಬಿಗೆ. ಒಂದು ಹಬ್ಬದ ದಿನ ಅವನ ಹೆಂಡತಿಗೆ ಕನಿಕರ ಬಂದು, ಪಾಪ, ಅವಕ್ಕೂ ಏನಾದರೂ ಸಿಹಿ ತಿನ್ನಿಸೋಣ ಅಂತ ಮಿಠಾಯಿ ಕೊಡಿಸುತ್ತಾಳೆ. ನಮ್ಮ ಚಿಕ್ಕಿಯಂಥದ್ದು. ಅದರೊಳಗಿನ ಬೀಜಕ್ಕೆ ಉಪ್ಪು ಹಾಕಿ ಹುರಿದಿದ್ದರು ಅಂತ ಅವಳಿಗೆ ಗೊತ್ತಿಲ್ಲ. ತಿಂದ ತಕ್ಷಣ ಝೋಂಬಿಗಳೆಲ್ಲ ಎದ್ದು, ಯಾರ ಮಾತೂ ಕೇಳದೆ, ತಮ್ಮ ಊರಿನ ಸ್ಮಶಾನದ ಕಡೆ ನಡೆದುಬಿಡುತ್ತವೆ. ನಿಜವೋ ಸುಳ್ಳೋ ಬಿಡಿ. ಆದರೆ ಇಂಥ ಕಥೆಯಲ್ಲಿ ಸಕ್ಕರೆ ಕಂಪನಿ ಸುಮ್ನೆ ಬಂದಿರುವುದಿಲ್ಲ.

ಇದನ್ನು ಕೇಳಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕೆಂದರೆ ನಾವು ಉಪ್ಪಿಗೆ ಕೊಟ್ಟ ಕೆಲಸ ಪೂರಾ ಉಲ್ಟಾ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅಂತ ನಮ್ಮ ಗಾದೆ. ಉಪ್ಪಿನ ಋಣ ಅಂತೀವಿ. ನಮ್ಮಲ್ಲಿ ಉಪ್ಪು ಆಳನ್ನು ಯಜಮಾನನಿಗೆ ಕಟ್ಟಿಹಾಕುತ್ತದೆ. ಅವರಲ್ಲಿ ಅದೇ ಉಪ್ಪು ಹಗ್ಗ ಬಿಚ್ಚುತ್ತದೆ. ಗಾದೆ ಮಾಡಿದವರು ಯಾರು ಅಂತ ಇದರಲ್ಲೇ ಗೊತ್ತಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ನಮ್ಮದು ಬಡಿಸಿದವರ ಗಾದೆ, ಅವರದ್ದು ಉಂಡವರ ಕಥೆ. (ಹಾಗಂತ ಫ್ರೆಂಚರು ಗುಲಾಮರಿಗೆ ಉಪ್ಪೇ ಕೊಡುತ್ತಿರಲಿಲ್ಲ ಅಂತಲ್ಲ. ವಾರಕ್ಕೆ 2 ಪೌಂಡು ಉಪ್ಪು ಹಾಕಿದ ಮಾಂಸ ಕೊಡಬೇಕು ಅಂತ 1685ರ ಕಾನೂನಿನಲ್ಲೇ ಇತ್ತು. ಕಾನೂನಿನಲ್ಲಿ ಇರುವುದೆಲ್ಲ ತಟ್ಟೆಗೆ ಬರುತ್ತದೆಯೇ!) ಇನ್ನೂ ಒಂದು ಮಾತು ನಮ್ಮಲ್ಲೇ ಇದೆ: "ಉಪ್ಪು ಹುಳಿ ಖಾರ ತಿನ್ನೋ ಮೈ, ಸಿಟ್ಟು ಬರದೇ ಇರುತ್ತಾ?" ಅದನ್ನು ಅಜ್ಜಿಗೆ ಇಂಗ್ಲಿಷಿನಲ್ಲಿ ಹೇಳಲು ಒದ್ದಾಡಿದೆ. ಅರ್ಧಕ್ಕೇ ಅವರಿಗೆ ಅರ್ಥವಾಯಿತು.

ಹಾಗಾದರೆ ಇದರ ಹಿಂದೆ ನಿಜ ಏನೂ ಇಲ್ಲವೇ? ಎಲ್ಲರೂ ಎತ್ತುವ ಹೆಸರು ಕ್ಲೆರ್ವಿಯಸ್ ನಾರ್ಸಿಸ್. 1962ರಲ್ಲಿ ಆಸ್ಪತ್ರೆಯಲ್ಲಿ ಸತ್ತ ಅಂತ ಇಬ್ಬರು ಡಾಕ್ಟರು ಬರೆದುಕೊಟ್ಟರು, ಮನೆಯವರು ಹೂತರು. 1980ರಲ್ಲಿ ಲೆಸ್ತೇರ್ ಎಂಬ ಊರಿನ ಸಂತೆಯಲ್ಲಿ ಒಬ್ಬ ಅವನ ಒಡಹುಟ್ಟಿದವಳ ಎದುರು ನಿಂತು, ನಾನೇ ಅವನು ಅಂದ. ಚಿಕ್ಕಂದಿನ ಮನೆ ಹೆಸರೂ ಹೇಳಿದ. ಜಮೀನಿನ ಜಗಳದಲ್ಲಿ ಒಡಹುಟ್ಟಿದವನೇ ನನ್ನನ್ನು ಬೊಕೋರ್‌ಗೆ ಒಪ್ಪಿಸಿದ, ಗುಂಡಿಯಿಂದ ಎತ್ತಿ ಹೊಡೆದು ಕಬ್ಬಿನ ತೋಟಕ್ಕೆ ಒಯ್ದರು ಅಂದ. ನೋಡಿ, ಜಮೀನು, ಅಣ್ಣತಮ್ಮಂದಿರು, ಮಾಟ. ಇಷ್ಟು ಕೇಳಿದರೆ ನಮ್ಮ ತಾಲೂಕು ಕಚೇರಿಯ ಹೊರಗೆ ನಿಂತ ಹಾಗೇ ಆಗುತ್ತದೆ.

ರಾಜಧಾನಿಯ ಮನೋವೈದ್ಯ ಲಮಾರ್ಕ್ ದುಯೋನ್ ಇದರ ಬೆನ್ನು ಹತ್ತಿದರು. 1982ರಲ್ಲಿ ಹಾರ್ವರ್ಡ್‌ನ ಸಸ್ಯವಿಜ್ಞಾನಿ ವೇಡ್ ಡೇವಿಸ್ ಬಂದು ಬೊಕೋರ್‌ಗಳಿಂದ ಝೋಂಬಿ ಮಾಡುವ ಪುಡಿ ಕೊಂಡುಕೊಂಡರು. ಹೆದರಿದರೆ ಬಲೂನಿನ ಹಾಗೆ ಉಬ್ಬುವ ಮೀನು ಅದರಲ್ಲಿ ಇತ್ತು. ಅದರ ವಿಷ ಟೆಟ್ರೊಡೊಟಾಕ್ಸಿನ್. ನರದೊಳಗೆ ಸೋಡಿಯಂ ಹೋಗುವ ಬಾಗಿಲನ್ನೇ ಅದು ಮುಚ್ಚುತ್ತದೆ. ಎಚ್ಚರ ಇದ್ದರೂ ಕೈಕಾಲು ಆಡುವುದಿಲ್ಲ, ಉಸಿರು ಸಿಕ್ಕುವುದಿಲ್ಲ. ಸೋಡಿಯಂ ಅಂದರೆ ಮತ್ತೆ ಉಪ್ಪೇ ಅಂತ ನನಗೆ ಒಂದು ಕ್ಷಣ ರೋಮಾಂಚನವಾಯಿತು. ಆದರೆ ಉಪ್ಪು ತಿನ್ನಿಸಿದರೆ ಆ ವಿಷ ಇಳಿಯುವುದಿಲ್ಲ. ಕಾಕತಾಳೀಯ ಅಷ್ಟೇ. ಗುಂಡಿಯಿಂದ ಎತ್ತಿದ ಮೇಲೆ ಕೊಡುವ ಗಿಡವೊಂದಿದೆಯಂತೆ. ಹೈಟಿಯವರ ಕ್ರಿಯೋಲ್ ಭಾಷೆಯಲ್ಲಿ ಅದಕ್ಕೆ ಝೋಂಬಿ ಸೌತೆ ಅಂತ ಹೆಸರು. ಚಿತ್ರ ನೋಡಿದೆ. ನಮ್ಮ ಉಮ್ಮತ್ತಿಯ ಜಾತಿ! ಹಿತ್ತಲಿನ ತಿಪ್ಪೆ ಪಕ್ಕ ಬೆಳೆಯುವ, ಶಿವನಿಗೆ ಏರಿಸುವ, ಮುಳ್ಳುಕಾಯಿಯ ಉಮ್ಮತ್ತಿ. ಅದನ್ನು ಊಟದಲ್ಲಿ ಬೆರೆಸಿ ದಾರಿಹೋಕರ ಮತಿ ಕೆಡಿಸಿ ದೋಚುವ ಕಳ್ಳರು ನಮ್ಮ ದೇಶದಲ್ಲೂ ಇದ್ದರು.

ಪುಡಿಯ ಕಥೆ ಕೇಳಲು ಚೆನ್ನಾಗಿದೆ, ಪೂರ್ತಿ ನಿಲ್ಲಲಿಲ್ಲ. 1986ರಲ್ಲಿ ಆ ಮೀನಿನ ವಿಷ ಚೆನ್ನಾಗಿ ಬಲ್ಲ ವಿಜ್ಞಾನಿಗಳಾದ ಯಸುಮೊಟೊ ಮತ್ತು ಕಾವ್ ಪುಡಿಯ ಮಾದರಿಗಳನ್ನು ಪರೀಕ್ಷೆ ಮಾಡಿ, ವಿಷ ಇಲ್ಲವೆನ್ನುವಷ್ಟು ಕಮ್ಮಿ ಅಂದರು. ಆದರೂ ಹೈಟಿಯ ಹಳೆಯ ದಂಡಸಂಹಿತೆಯಲ್ಲಿ 246ನೇ ಕಲಂ ಅಂತ ಒಂದಿತ್ತು. ಸಾಯಿಸದೆ, ಸತ್ತ ಹಾಗೆ ಜಡವಾಗಿ ಬೀಳಿಸುವ ವಸ್ತು ಕೊಟ್ಟರೆ ಅದು ಅಪರಾಧ. ಆ ಮನುಷ್ಯನನ್ನು ಹೂತರಂತೂ ಕೊಲೆಯೇ.

ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. 1997ರಲ್ಲಿ ಅದೇ ದುಯೋನ್ ಮತ್ತು ಇಂಗ್ಲೆಂಡಿನ ಮನೋವೈದ್ಯ ರೋಲಂಡ್ ಲಿಟಲ್‌ವುಡ್ ಮೂರು ಝೋಂಬಿಗಳನ್ನು ಪರೀಕ್ಷಿಸಿ ಬರೆದರು. ಒಬ್ಬ ಹುಡುಗ, 18 ವಯಸ್ಸಿಗೆ ಸತ್ತವನು, 19 ತಿಂಗಳ ಮೇಲೆ ಕೋಳಿ ಅಂಕದಲ್ಲಿ ಕಾಣಿಸಿಕೊಂಡ. ಅಪ್ಪ ಮನೆಗೆ ಕರೆತಂದ. ಮಾಟ ಮಾಡಿಸಿದ ಅಂತ ಚಿಕ್ಕಪ್ಪನಿಗೆ ಜೈಲಾಯಿತು. ಡಿಎನ್ಎ ನೋಡಿದರೆ ಆ ಹುಡುಗ ಅವರ ಮಗನೇ ಅಲ್ಲ! ಇನ್ನೊಬ್ಬಳು ಹೆಂಗಸು, 13 ವರ್ಷ ಆದ ಮೇಲೆ ಮರಳಿದವಳು. ಅವಳನ್ನು ಇನ್ನೊಂದು ಊರಿನ ಸಂತೆಗೆ ಕರೆದುಕೊಂಡು ಹೋದರೆ, ಇವಳು ನಮ್ಮೂರಿನವಳು, ಎಲ್ಲೋ ತಪ್ಪಿಹೋಗಿದ್ದಳು ಅಂತ ಅಲ್ಲಿಯವರು ಗುರುತು ಹಿಡಿದರು. ಮನೆ ತಪ್ಪಿದ, ಬುದ್ಧಿ ಮಂಕಾದ, ಮಾತು ನಿಂತ ಯಾರೋ ಬಡಪಾಯಿಗಳು ಇವರು. ಮಗ ಸತ್ತ ಮನೆಯವರು ಅವರ ಮುಖದಲ್ಲಿ ತಮ್ಮ ಮಗನನ್ನು ಕಂಡರು.

ಜೈಲಿಗೆ ಹೋದ ಚಿಕ್ಕಪ್ಪನ ಪಾಡು ಬೇರೆ, ಅದನ್ನು ಮರೆಯಬಾರದು. ಆದರೂ ನಮ್ಮ ಬಸ್ ಸ್ಟಾಂಡಿನಲ್ಲಿ ಗೋಣಿಚೀಲ ಹೊದ್ದು ಕೂರುತ್ತಿದ್ದ ಒಬ್ಬನ ನೆನಪಾಗುತ್ತದೆ. ಶಾಲೆಯಿಂದ ಬರುವಾಗ ನಾವು ಹುಡುಗರು ಅವನಿಗೆ ಕಲ್ಲು ಬಿಸಾಡುತ್ತಿದ್ದೆವು. ನಾನೂ ಬಿಸಾಡಿದ್ದೇನೆ. ಇವನು ನಮ್ಮವನೇ ಅಂತ ಯಾರೂ ಅವನನ್ನು ಮನೆಗೆ ಕರೆದುಕೊಂಡು ಹೋಗಲಿಲ್ಲ. ಮೂಢನಂಬಿಕೆ ಅಂತ ಹೈಟಿಯವರನ್ನು ನೋಡಿ ನಗುವ ಗೆಳೆಯರು ನನಗೆ ಕನ್ನಡ ಕೂಟದಲ್ಲಿ ಸಿಗುತ್ತಾರೆ. ಅವರೇ ವರ್ಷಕ್ಕೊಮ್ಮೆ ರಜೆ ಹಾಕಿ ಊರಿನ ನೇಮಕ್ಕೆ ಹೋಗುತ್ತಾರೆ. ನಮ್ಮಲ್ಲಿ ಪಾತ್ರಿಯ ಮೈಮೇಲೆ ದೈವ ಬರುತ್ತದೆ. ಅಲ್ಲಿ ಮನುಷ್ಯ ಕುದುರೆ, ಲ್ವಾ ಎಂಬ ದೈವ ಅವನನ್ನು ಏರುತ್ತದೆ. ಒಂದು ಸಂಸ್ಕೃತಿ, ಇನ್ನೊಂದು ವಾಮಾಚಾರ ಅನ್ನುವುದು ಹೇಗೆ ಮಾರಾಯ್ರೆ?

ಒಂದು ಕಡೆ ಮಾತ್ರ ನಮ್ಮ ಕಥೆ ನನಗೆ ಹೆಚ್ಚು ಇಷ್ಟ. 1432ರಲ್ಲಿ ಕಾರ್ಕಳದ ಗೊಮ್ಮಟ ನಿಂತ. ಪಾಡ್ದನದ, ಅಂದರೆ ತುಳು ಹಾಡುಗಥೆಯ, ಪ್ರಕಾರ ಅದನ್ನು ಕೆತ್ತಿದ ಶಿಲ್ಪಿ ಕಲ್ಕುಡ. ಇಂಥದ್ದು ಇನ್ನೊಂದು ಕಡೆ ಆಗಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಕಲ್ಕುಡ ಸತ್ತು ಯಾರ ಗದ್ದೆಯಲ್ಲೂ ದುಡಿಯಲಿಲ್ಲ. ತಂಗಿ ಕಲ್ಲುರ್ಟಿಯ ಜೊತೆ ದೈವವಾಗಿ ಬಂದು ಅರಸನ ಅರಮನೆಗೆ ಬೆಂಕಿ ಇಟ್ಟ. ಅಜ್ಜಿಗೆ ಇದನ್ನು ಹೇಳಿದಾಗ ಎರಡು ಸಲ ಹೇಳಿಸಿಕೊಂಡರು.

ಅಷ್ಟು ಹೇಳಿದವನು ನಮ್ಮ ಮನೆಯದ್ದೂ ಹೇಳಬೇಕಾಯಿತು. ಅಜ್ಜನ ಮನೆಯಲ್ಲಿ ಒಬ್ಬ ಮೂಲದಾಳು ಇದ್ದ. ಅವನ ಅಪ್ಪನೂ ಅಲ್ಲೇ ಇದ್ದವನು. ಅಂಗಳದಾಚೆ ನಿಂತು "ನಿಮ್ಮ ಉಪ್ಪು ತಿಂದವ ಧಣೀ" ಅನ್ನುತ್ತಿದ್ದ. ನಾವು ಅದನ್ನು ಪ್ರೀತಿ ಅಂದುಕೊಂಡಿದ್ದೆವು. ಐದಾರು ವರ್ಷದ ಹಿಂದೆ ಹಳೆ ಮನೆ ಕೆಡವುವಾಗ ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. ಅವನ ಹೆಸರಿಗೇ ಒಂದು ಪುಟ. ಅಕ್ಕಿ, ಒಂದು ಮುಂಡು, ಮದುವೆ ಖರ್ಚು, ಹೊಗೆಸೊಪ್ಪು. ಅದರ ಕೆಳಗೆ ತಿಂಗಳು ತಿಂಗಳೂ ಅಜ್ಜನ ದುಂಡು ಅಕ್ಷರದಲ್ಲಿ "ಉಪ್ಪು", ಮುಂದೆ ಆಣೆ ಪೈಸೆ. ಅವನು ತಿಂದ ಉಪ್ಪು ನಾವು ಕೊಟ್ಟದ್ದಲ್ಲ. ಅವನ ಸಾಲಕ್ಕೆ ಹಾಕಿದ್ದು. 1976ರಲ್ಲಿ ಜೀತ ರದ್ದಾದಾಗ ಆ ಪುಟಕ್ಕೆ ಯಾರೂ ಗೀಟು ಎಳೆದ ಹಾಗಿರಲಿಲ್ಲ.

ಈ ಜನವರಿ 1ರಂದು ಅಜ್ಜಿ ಪ್ರತಿ ವರ್ಷದ ಹಾಗೆ ಕುಂಬಳಕಾಯಿ ಸೂಪು ತಂದರು. ಸೂಪ್ ಜುಮು. ಗುಲಾಮರು ಮಾಡಬೇಕು, ಧಣಿಗಳು ಮಾತ್ರ ಕುಡಿಯಬೇಕು ಅಂತಿದ್ದ ಸೂಪು ಅದು. ಸ್ವಾತಂತ್ರ್ಯದ ದಿನ ಎಲ್ಲರೂ ಕುಡಿಯುತ್ತಾರೆ. ಬಾಗಿಲಲ್ಲೇ ಹಿಮದ ಬೂಟು ಕಳಚುತ್ತಾ ಲೆಕ್ಕದ ಪುಸ್ತಕದ ಕಥೆ ಕೇಳಿದರು.

"ಅಷ್ಟು ಉಪ್ಪು ತಿಂದೂ ಅವನು ಎದ್ದು ಹೋಗಲಿಲ್ವಾ?"

"ಅವನು ಹೋಗಲಿಲ್ಲ. ಮಗ ಹೋದ. ಒಂದು ರಾತ್ರಿ ಬಸ್ಸು ಹತ್ತಿ ಬೊಂಬಾಯಿಗೆ, ಹೋಟೆಲ್ ಕೆಲಸಕ್ಕೆ. ನಮ್ಮ ಮನೆಯಲ್ಲಿ ಬಹಳ ವರ್ಷ ಅವನನ್ನು ಬೈಯುತ್ತಿದ್ದರು."

ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ನನ್ನ ಹೆಂಡತಿಯ ಕೈಗೆ ಕೊಟ್ಟರು. "ಉಪ್ಪು ಹಾಕಿದ್ದೇನೆ" ಅಂದರು. "ಇವತ್ತೊಂದು ದಿನ ಬಿಡು."