ಮಹಾಪ್ರಬಂಧ ಗುಡಿಕಟ್ಟೆಗೂ ಬರಬೇಕು

ಕಳೆದ ನವೆಂಬರ್‌ನಲ್ಲಿ ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಹನುಮಂತ ದೇವರ ಗುಡಿಕಟ್ಟೆಯ ಮೇಲೆ, ಸಸ್ಯರೋಗಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು, ಊರಿನ ಇಪ್ಪತ್ತು ಇಪ್ಪತ್ತೈದು ಜನರ ಎದುರು ಅವಳ ಸಂಶೋಧನೆಯ ಬಗ್ಗೆ ಎರಡು ಗಂಟೆ ಮಾತನಾಡಿಸಿದೆ. ಭಾಷಣವಿಲ್ಲ, ಪರದೆಯಿಲ್ಲ, ನಾನು ಕೇಳುವುದು, ಅವಳು ಹೇಳುವುದು, ತಿಳಿಯದಿದ್ದಲ್ಲಿ ಯಾರು ಬೇಕಾದರೂ ತಡೆದು ಕೇಳುವುದು ಎಂದಷ್ಟೇ ಮಾತಾಗಿತ್ತು.

ಅವಳ ವಿಷಯ ತೊಗರಿಯ ಸೊರಗು ರೋಗ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರವು ಬೇರಿನ ಮೂಲಕ ಒಳಹೊಕ್ಕು ಜಲವಾಹಕ ಅಂಗಾಂಶವನ್ನು ಆಕ್ರಮಿಸುತ್ತದೆ ಎಂದು ಅವಳು ಆರಂಭಿಸಿದಳು. ಎರಡನೆಯ ವಾಕ್ಯಕ್ಕೇ ಮುಂದೆ ಕುಳಿತಿದ್ದ ಮುತ್ಯಾ ಕೈಯೆತ್ತಿದರು: “ಯವ್ವಾ, ನೀ ಹೇಳೋದು ನೆಟಿ ರೋಗಾನ ಏನು?” ಅವಳು ಸ್ವಲ್ಪ ಯೋಚಿಸಿ, “ಹೌದು ಮುತ್ಯಾ, ಖರೇ ನೀವು ನೆಟಿ ಅನ್ನೋದ್ರಾಗ ಬ್ಯಾರೆ ಬ್ಯಾರೆ ರೋಗ ಅವ” ಎಂದಳು. ಆಮೇಲೆ ಪಕ್ಕದ ಹೊಲದಿಂದ ಒಣಗಿದ ನಾಲ್ಕು ಗಿಡ ತರಿಸಿ, ಒಂದರ ಕಾಂಡವನ್ನು ಕುಡಗೋಲಿನಿಂದ ಉದ್ದಕ್ಕೆ ಸೀಳಿದಳು. ಬಿಳಿಯಾಗಿರಬೇಕಿದ್ದ ಒಳಭಾಗದಲ್ಲಿ ಸುಟ್ಟ ದಾರದಂಥ ಕಂದು ಗೆರೆಗಳಿದ್ದವು. ಈ ಗೆರೆಯಿದ್ದರೆ ಅದು ಸೊರಗು ರೋಗ. ಗೆರೆಯಿಲ್ಲದೆ ಬೇರೇ ಒಣಗಿ ಕೊಳೆತಿದ್ದರೆ ಅದು ಬೇರು ಕೊಳೆ, ಬಿಸಿಲು ಹೆಚ್ಚಾಗಿ ನೆಲದ ಹಸಿ ಆರಿದಾಗ ಅದು ಜೋರಾಗುತ್ತದೆ ಎಂದಳು. ಆ ಕಾಂಡ ಕೈಯಿಂದ ಕೈಗೆ ದಾಟಿ ಕಟ್ಟೆಯ ಕೊನೆಯವರೆಗೂ ಹೋಯಿತು.

“ಹೊಲದಾಗ ಹಸಿ ಅದ, ಗಿಡ ಯಾಕ ಒಣಗ್ತದ ಅಂತ ತಲಿ ಕೆಡಿಸ್ಕೊಂಡಿದ್ದೆ. ಕಾಲುವ್ಯಾಗ ಹೂಳು ತುಂಬಿದಂಗ ಅನ್ನು” ಎಂದರು ಮುತ್ಯಾ. ಹೋಲಿಕೆ ಚೆನ್ನಾಗಿದೆ ಎಂದು ನಾನು ಮುಂದೆ ಹೋಗುವವನಿದ್ದೆ. ಅವಳು ಬಿಡಲಿಲ್ಲ. ಹೂಳಷ್ಟೇ ಅಲ್ಲ, ಶಿಲೀಂಧ್ರ ಮೇಲೇರದಂತೆ ತಡೆಯಲು ಗಿಡವೇ ತನ್ನ ನಾಳಗಳೊಳಗೆ ಅಂಟು ತುಂಬಿಕೊಳ್ಳುತ್ತದೆ, ಆ ತಡೆಯೇ ನೀರಿಗೂ ಅಡ್ಡವಾಗುತ್ತದೆ ಎಂದು ತಿದ್ದಿದಳು. ಸರಳಗೊಳಿಸಿದರೆ ವಿಜ್ಞಾನ ತೆಳುವಾಗುತ್ತದೆ ಎಂದು ಅಂಜುವ ಮಾರ್ಗದರ್ಶಕರಿಗೆ ಈ ಒಂದು ಕ್ಷಣವನ್ನು ತೋರಿಸಬೇಕೆನಿಸಿತು. ಕೇಳುವವರು ತಮ್ಮ ಮಾತಿನಲ್ಲಿ ಹೇಳಿನೋಡುತ್ತಾರೆ, ಬಲ್ಲವರು ಅದನ್ನು ಅಲ್ಲೇ ತಿದ್ದುತ್ತಾರೆ. ಅಚ್ಚಾದ ಲೇಖನದಲ್ಲಿ ಈ ಎರಡನೆಯ ಕೆಲಸಕ್ಕೆ ಜಾಗವೇ ಇಲ್ಲ.

ಹಿಂದೆ ಕುಳಿತಿದ್ದ ಹೆಣ್ಣುಮಗಳೊಬ್ಬರು, ಮೊದಲು ಜೋಳದಲ್ಲಿ ತೊಗರಿ ಅಕ್ಕಡಿ ಹಾಕುತ್ತಿದ್ದಾಗ ಇಷ್ಟು ಗಿಡ ಒಣಗುತ್ತಿರಲಿಲ್ಲ ಎಂದರು. ಜೋಳದೊಂದಿಗೆ ಬೆಳೆದ ತೊಗರಿಯಲ್ಲಿ ಸೊರಗು ಕಡಿಮೆ ಎಂಬುದನ್ನು ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಪ್ರಯೋಗಗಳು ಬಹಳ ಹಿಂದೆಯೇ ತೋರಿಸಿವೆ, ನಮ್ಮ ಹುಡುಗಿಯ ಪ್ರಬಂಧದಲ್ಲೂ ಅದು ಒಂದು ಕೋಷ್ಟಕವಾಗಿ ಕುಳಿತಿದೆ. ಆದರೆ ರೈತರಿಗೆ ಹೇಳಬೇಕಾದ ಮಾತು ಅದು ಎಂದು ಆ ಹೊತ್ತಿನವರೆಗೆ ಅವಳಿಗೆ ಹೊಳೆದಿರಲಿಲ್ಲ. 1986ರಲ್ಲಿ ಬಿಡುಗಡೆಯಾದ ಮಾರುತಿ ತಳಿಯ ಮಾತೂ ಬಂತು. ಅದು ಸೊರಗಿಗೆ ಜಗ್ಗುವುದಿಲ್ಲ, ಆದರೆ ನುಸಿಯಿಂದ ಹರಡುವ ಗೊಡ್ಡು ರೋಗಕ್ಕೆ ಬೇಗ ತುತ್ತಾಗುತ್ತದೆ ಎಂದು ಕೇಳಿ ಬಹಳ ಜನ ತಲೆದೂಗಿದರು. ಕಾಯಿ ಕಟ್ಟದ ಹಸಿರು ಗಿಡಗಳನ್ನು ಅವರೆಲ್ಲ ಕಂಡವರೇ.

ನಾನು ಈ ಕೆಲಸಕ್ಕೆ ಇಳಿದದ್ದಕ್ಕೆ ನನ್ನದೇ ಒಂದು ತಪ್ಪು ಕಾರಣ. ಯಾದಗಿರಿ ಕಡೆಯ ಹಳ್ಳಿಗಳಿಂದ ದುಡಿಯಲು ಬೆಂಗಳೂರು, ಮುಂಬೈಗೆ ಗುಳೆ ಹೋಗುವ ಕುಟುಂಬಗಳ ಮೇಲೆ ನಾನು ಪ್ರಬಂಧ ಬರೆದೆ. ಪದವಿ ಬಂದು ಎಷ್ಟೋ ದಿನಗಳ ಮೇಲೆ ಬೇರೆ ಕೆಲಸಕ್ಕೆಂದು ಅದೇ ಊರಿಗೆ ಹೋದಾಗ, ಹಿಂದೆ ಮೂರು ದಿನ ನನಗೆ ರೊಟ್ಟಿ ಬಡಿದು ಹಾಕಿದ್ದ ಅವ್ವ, “ನಮ್ಮ ಮನಿದು ಬರ್ಕೊಂಡು ಹೋಗಿದ್ರಲ್ರಿ, ಅದು ಏನಾತ್ರಿ?” ಎಂದು ಕೇಳಿದರು. ಉತ್ತರ ಹೊರಡಲಿಲ್ಲ. ನನ್ನ ಪ್ರಬಂಧದಲ್ಲಿ ಅವರು ‘ಮಾಹಿತಿದಾರರು’, ಒಂದು ಕ್ರಮಸಂಖ್ಯೆ. ಅವರ ಮನೆಯ ಸಾಲದ ಲೆಕ್ಕ ಶೇಕಡಾವಾರಿನಲ್ಲಿ ಕರಗಿಹೋಗಿತ್ತು. ಪುಸ್ತಕ ತೋರಿಸೋಣವೆಂದರೆ ಅವರಿಗೆ ಓದು ಬಾರದು. ಅಂದು ನಾನು ಅಂಗಳದಲ್ಲಿ ಕುಳಿತು ಹೇಳಬಹುದಿತ್ತು. ಹೇಳುವ ಮಾತು ನನ್ನಲ್ಲಿ ಇರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಪ್ರಬಂಧಗಳು ಈಗ ಶೋಧಗಂಗಾ ಎಂಬ ಅಂತರಜಾಲ ಭಂಡಾರದಲ್ಲಿ ಯಾರಿಗಾದರೂ ಸಿಗುತ್ತವೆ, ಅದು ದೊಡ್ಡ ಉಪಕಾರ. ಆದರೆ ಸಿಗುವುದು ಬೇರೆ, ತಿಳಿಯುವುದು ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ನಿಯಮಗಳು ಪಿಎಚ್‌.ಡಿ.ಯ ಮೌಖಿಕ ಪರೀಕ್ಷೆಯನ್ನು ಮುಕ್ತ ಎಂದು ಕರೆದವು. ಬರಬಹುದಾದವರೆಂದು ಹೆಸರಿಸಿದ್ದು ಸಲಹಾ ಸಮಿತಿಯವರನ್ನು, ವಿಭಾಗದ ಅಧ್ಯಾಪಕರನ್ನು, ಇತರ ಸಂಶೋಧಕರನ್ನು ಮತ್ತು ಆಸಕ್ತ ತಜ್ಞರನ್ನು. ಹೊಲ ಕೊಟ್ಟವರು, ಮನೆಯ ಕಥೆ ಹೇಳಿದವರು ಆ ಸಾಲಿನಲ್ಲಿ ಇರಲಿಲ್ಲ. 2008ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಮಹಾಪ್ರಬಂಧವನ್ನು ಮೂರೇ ನಿಮಿಷದಲ್ಲಿ ಹೇಳುವ ಸ್ಪರ್ಧೆಯನ್ನೂ, ಸಂಶೋಧಕರಿಂದ ಜನಪ್ರಿಯ ಲೇಖನ ಬರೆಸಲು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ ತಂದ ಅವಸರ್ ಯೋಜನೆಯನ್ನೂ ನಾನು ಗೌರವಿಸುತ್ತೇನೆ. ಆದರೂ ಎರಡರಲ್ಲೂ ಕೇಳುಗ ಸುಮ್ಮನಿರಬೇಕು. ನಾನು ಬೇಡುತ್ತಿರುವುದು ಇಷ್ಟೇ: ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಮಾಹಿತಿ ಕಲೆಹಾಕಿದ ಪ್ರತಿಯೊಬ್ಬ ಸಂಶೋಧಕನೂ ಪದವಿ ಪಡೆಯುವ ಮುನ್ನ ಒಂದು ಸಂಜೆ ಅದೇ ಊರಿನಲ್ಲಿ, ಆ ವಿಷಯದವನಲ್ಲದ ಒಬ್ಬರ ಪ್ರಶ್ನೆಗಳಿಗೆ, ಅಲ್ಲಿನ ಮಾತಿನಲ್ಲಿ ಉತ್ತರಿಸುವಂತಾಗಲಿ. ಇದಕ್ಕೆ ಹಣ ಬೇಡ, ಕುಲಪತಿಗಳ ಒಂದು ಸುತ್ತೋಲೆ ಸಾಕು.

ಕಟ್ಟೆಯ ಮಾತು ಮುಗಿದ ಎಂಟು ದಿನಕ್ಕೆ ಆ ಮುತ್ಯಾ ಹುಡುಗಿಗೆ ಫೋನ್ ಮಾಡಿದರು. ತಮ್ಮ ಹೊಲದಲ್ಲಿ ಒಣಗಿದ ಏಳು ಗಿಡ ಕಿತ್ತು ತಾವೇ ಸೀಳಿದ್ದರು. ಐದರಲ್ಲಿ ಗೆರೆಯಿತ್ತು. “ಉಳಿದ ಎರಡರಾಗ ಗೆರಿನೂ ಇಲ್ಲ, ಬೇರೂ ಕೊಳೆತಿಲ್ಲ ಯವ್ವಾ, ಇದು ಯಾವ ನೆಟಿ?” ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಅವಳು ಆಳಂದದ ಕಡೆ ಹೊರಟಳು.