ಎಂಟು ಕಾಲಿನ ಪಾಪು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಜೇಡ ಕಂಡರೆ ಭಯ. ಬಚ್ಚಲುಮನೆಯ ಮೂಲೆಯಲ್ಲಿ ಉಗುರಿನಷ್ಟು ಜೇಡ ಕೂತಿದ್ದರೂ ಆ ದಿನ ಎರಡೇ ಚೊಂಬಿಗೆ ಸ್ನಾನ ಮುಗಿಯುತ್ತದೆ, ಅದೂ ಸೋಪಿನ ನೊರೆ ಇಳಿದು ಕಣ್ಣು ಉರಿಯುತ್ತಿದ್ದರೂ ಮುಚ್ಚದೆ, ಅದು ಕೂತಲ್ಲೇ ಇದೆಯಾ ಅಂತ ನೋಡುತ್ತಲೇ. ಜಗತ್ತಿನಲ್ಲಿ 50,000ಕ್ಕೂ ಹೆಚ್ಚು ಜಾತಿಯ ಜೇಡಗಳಿವೆ, ಅದರಲ್ಲಿ ಮನುಷ್ಯನಿಗೆ ನಿಜವಾಗಿ ಅಪಾಯ ಮಾಡುವಂಥವು ತೀರಾ ಕಡಿಮೆ ಅನ್ನುವುದೆಲ್ಲ ಗೊತ್ತು. ಗೊತ್ತಿರುವುದು ತಲೆಗೆ. ಕಾಲಿಗೆ ಇನ್ನೂ ಗೊತ್ತಾಗಿಲ್ಲ, ಅದು ಮೊದಲೇ ಓಡಿರುತ್ತದೆ.

ಆದರೆ ನನ್ನಂಥವರ ಕಾಲ ಮುಗಿಯಿತು. ಜೇಡಕ್ಕೆ ಹೆದರುವುದು ಈಗ ಹಳೇ ಫ್ಯಾಷನ್ನು. ಹೊಸದು ಏನಪ್ಪಾ ಅಂದರೆ, ಟರಾಂಟುಲಾ ಅನ್ನುವ ಅಂಗೈಯಗಲದ, ಮೈತುಂಬ ಕೂದಲಿನ ಜೇಡ ಸಾಕಿ, ಅದನ್ನು ಕೆನ್ನೆಯ ಮೇಲೆ ಹತ್ತಿಸಿಕೊಂಡು, ಉಸಿರು ಬಿಗಿಹಿಡಿದು, ಮುಖದಲ್ಲಿ ಮಾತ್ರ ಸಂತೃಪ್ತಿಯ ನಗು ತಂದುಕೊಂಡು ವಿಡಿಯೋ ಮಾಡುವುದು. ಕೆಳಗೆ ಒಂದು ಸಾಲು, 'ನನ್ನ ಪಾಪು ಯಾರಿಗೂ ಏನೂ ಮಾಡಲ್ಲ.' ಅದರ ಕೆಳಗೆ ಸಾವಿರ ಹೃದಯ.

ನನ್ನ ಸ್ನೇಹಿತನೊಬ್ಬ ಇಂಥದ್ದೇ ಪಾಪುವಿನ ತಂದೆ. ಚಿಲಿ ದೇಶದ ರೋಸ್ ಟರಾಂಟುಲಾ. ಕಂದು ಮೈ, ಮೇಲೆ ತೆಳುವಾಗಿ ಗುಲಾಬಿ ಹೊಳಪು. ಪಾಪುವಿನ ಊಟ ಜಿರಳೆ. ಇವನಿಗೆ ಜಿರಳೆ ಕಂಡರೆ ಆಗುವುದಿಲ್ಲ. ಹಾಗಾಗಿ ಇಕ್ಕಳದಲ್ಲಿ ಅದನ್ನು ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು ಬಡಿಸುತ್ತಾನೆ. ಅದರ ವಿಡಿಯೋ ಮಾತ್ರ ಇದುವರೆಗೆ ಹಾಕಿಲ್ಲ.

ಇವನು ಒಂದು ದಿನ ನನ್ನನ್ನು ಕರೆದ. 'ಬಾರೋ, ನಿನ್ನ ಭಯ ಐದು ನಿಮಿಷದಲ್ಲಿ ಓಡಿಸ್ತೀನಿ' ಅಂದ. ಈ ಭಯಕ್ಕೆ ಮನೋವೈದ್ಯರ ಹತ್ತಿರ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸವನ್ನೂ ಮಾಡುತ್ತದೆ. ಆದರೆ ಅಲ್ಲಿ ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಬರೀ ಚಿತ್ರ ನೋಡುವುದು, ಆಮೇಲೆ ಮುಚ್ಚಿದ ಡಬ್ಬಿಯಲ್ಲಿ ಜೇಡ ಇಟ್ಟು ಕೋಣೆಯ ಈ ತುದಿಯಲ್ಲಿ ನಿಲ್ಲುವುದು, ಎದೆಬಡಿತ ಇಳಿದ ಮೇಲೆ ಒಂದು ಹೆಜ್ಜೆ ಮುಂದೆ. ನನ್ನ ಸ್ನೇಹಿತನ ಚಿಕಿತ್ಸೆಯಲ್ಲಿ ಮೆಟ್ಟಿಲೇ ಇಲ್ಲ. ಸೀದಾ ಮಹಡಿಯಿಂದ ತಳ್ಳುವುದೇ.

ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ತೆಂಗಿನ ನಾರಿನ ಪುಡಿ, ಮರದ ತೊಗಟೆಯ ತುಂಡು, ನೀರಿನ ಪುಟ್ಟ ಬಟ್ಟಲು. ಬೆರಳು ಇಳಿಸಿದ ತಕ್ಷಣ ಅದು ಮುಂದಿನ ಎರಡು ಜೊತೆ ಕಾಲುಗಳನ್ನು ಮೇಲೆತ್ತಿ ಎದೆಯುಬ್ಬಿಸಿ ನಿಂತಿತು. 'ನೋಡೋ ನೋಡೋ, ಹಾಯ್ ಹೇಳ್ತಿದಾಳೆ!' ಅಂತ ಇವನು ಫೋನ್ ಹಿಡಿದ. ನಾನು ಹೆದರುಪುಕ್ಕಲ ಆದ್ದರಿಂದ ಈ ವಿಷಯದಲ್ಲಿ ಸ್ವಲ್ಪ ಓದಿಕೊಂಡಿದ್ದೇನೆ. ಕಾಲೆತ್ತಿ ಕೋರೆಹಲ್ಲು ತೋರಿಸುವುದಕ್ಕೆ ಅದರ ಭಾಷೆಯಲ್ಲಿ 'ಇನ್ನೊಂದು ಇಂಚು ಮುಂದೆ ಬಂದ್ಯೋ, ಕಚ್ಚಿದೆ' ಅಂತ ಅರ್ಥ. ಹೇಳಿದೆ. 'ಸುಮ್ನಿರೋ, ಅವಳಿಗೆ ನನ್ನ ಪರಿಚಯ ಇದೆ' ಅಂದ.

ಪರಿಚಯ! ಎಂಟು ಕಣ್ಣಿದ್ದರೂ ಟರಾಂಟುಲಾಕ್ಕೆ ಕಾಣುವುದು ಅಷ್ಟಕ್ಕಷ್ಟೇ. ಅದರ ಲೋಕವೆಲ್ಲ ಕಾಲಿನ ಕೂದಲಿಗೆ ತಾಗುವ ಅದುರಾಟದಲ್ಲಿದೆ. ಯಾರು ಎತ್ತಿಕೊಂಡರು, ಯಾರು ಹೆಸರಿಟ್ಟರು, ಯಾರು ಹುಟ್ಟುಹಬ್ಬಕ್ಕೆ ಪೆಟ್ಟಿಗೆಯ ಮೇಲೆ ರಿಬ್ಬನ್ ಕಟ್ಟಿದರು ಅನ್ನುವುದು ಅದಕ್ಕೆ ಮುಟ್ಟುವುದೇ ಇಲ್ಲ. ಕೈಮೇಲೆ ತಣ್ಣಗೆ ಕೂತರೆ ಅದು ಪ್ರೀತಿ ಅಲ್ಲ, ಬಿಸಿಯಾಗಿರುವ, ಆಗಾಗ ನಡುಗುವ ಈ ವಿಚಿತ್ರ ಜಾಗದಿಂದ ಪಾರಾಗುವುದು ಹೇಗೆ ಅಂತ ತಿಳಿಯದೆ ಕೂತಿದ್ದು. ಇವನು ಅದಕ್ಕೆ ಅಪ್ಪ ಅಲ್ಲ, ನೆಲ.

ಅಷ್ಟರಲ್ಲಿ ಪಾಪು ತಿರುಗಿ ನಿಂತು, ಹಿಂದಿನ ಕಾಲಿನಿಂದ ತನ್ನ ಹೊಟ್ಟೆಯ ಮೇಲ್ಭಾಗವನ್ನು ಪರಪರ ಉಜ್ಜಿಕೊಂಡಿತು. 'ಕೆರ್ಕೊಳ್ತಿದಾಳೆ, ಎಷ್ಟು ಮುದ್ದು ಅಲ್ವಾ' ಅಂದ. ಕೆರೆದುಕೊಂಡಿದ್ದು ಅದಲ್ಲ, ಆಮೇಲೆ ಎರಡು ದಿನ ಇವನು. ಅಮೆರಿಕ ಖಂಡಗಳ ಟರಾಂಟುಲಾಗಳಲ್ಲಿ ಹೆಚ್ಚಿನವಕ್ಕೆ ಹೊಟ್ಟೆಯ ಮೇಲೆ ಕೊಕ್ಕೆಯಂಥ ಮುಳ್ಳಿರುವ ಸಣ್ಣ ಕೂದಲಿರುತ್ತವೆ. ಸಿಟ್ಟು ಬಂದಾಗ ಅವನ್ನು ಉಜ್ಜಿ ಗಾಳಿಗೆ ತೂರುತ್ತವೆ. ಕಂಬಳಿಹುಳ ಮೈಗೆ ತಾಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ, ಕಂಬಳಿಹುಳ ನೀವು ಮುಟ್ಟುವ ತನಕ ಕಾಯುತ್ತದೆ, ಇದು ಪಾರ್ಸೆಲ್ ಕಳಿಸುತ್ತದೆ.

ಆ ಪಾರ್ಸೆಲ್ ಕಣ್ಣಿಗೆ ತಲುಪಿದರೆ ಮಾತ್ರ ತಮಾಷೆ ಇಲ್ಲ. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಬ್ಬಾತ ಕಣ್ಣಿನ ಡಾಕ್ಟರ ಹತ್ತಿರ ಹೋದ. ಮೂರು ವಾರದಿಂದ ಕಣ್ಣು ಕೆಂಪು, ನೀರು, ಬೆಳಕು ನೋಡಲಾಗದು. ಸೋಂಕಿನ ಔಷಧಿ ಹಾಕಿದ್ದಾಯಿತು, ಕಡಿಮೆಯಾಗಲಿಲ್ಲ. ಕೊನೆಗೆ ದೊಡ್ಡ ಲೆನ್ಸ್ ಇಟ್ಟು ನೋಡಿದರೆ ಕಣ್ಣಿನ ಪಾರದರ್ಶಕ ಪದರದಲ್ಲಿ ಸಣ್ಣ ಸಣ್ಣ ಕೂದಲು ಚುಚ್ಚಿಕೊಂಡು ನಿಂತಿವೆ! ಅದನ್ನು ಹೇಳಿದ ಮೇಲೇ ಪುಣ್ಯಾತ್ಮನಿಗೆ ನೆನಪಾಗಿದ್ದು, ಮೂರು ವಾರದ ಹಿಂದೆ ಟರಾಂಟುಲಾ ಪೆಟ್ಟಿಗೆ ತೊಳೆಯುವಾಗ ಅದು ಮುಖಕ್ಕೆ ಮಂಜಿನಂತೆ ಏನೋ ಎರಚಿತ್ತು ಅಂತ. ಅದೂ ಇದೇ ರೋಸ್ ಜಾತಿ. ಅತಿ ಸಣ್ಣ ಚಿಮಟದಿಂದಲೂ ಆ ಕೂದಲನ್ನು ಕೀಳಲಾಗಲಿಲ್ಲ. ಈ ಪ್ರಕರಣ ಲ್ಯಾನ್ಸೆಟ್ ಅನ್ನುವ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲೇ ಬಂತು. ಪೆಟ್ಟಿಗೆಗೆ ಕೈ ಹಾಕುವಾಗ ಕನ್ನಡಕ, ಗ್ಲೌಸು ಹಾಕಿಕೊಳ್ಳಿ ಅಂತ ಡಾಕ್ಟರುಗಳು ಬೇಡಿಕೊಂಡಿದ್ದು ಅದಕ್ಕೇ. ನಮ್ಮ ವಿಡಿಯೋದವರು ಹಾಕುತ್ತಾರೆ, ಕೂಲಿಂಗ್ ಗ್ಲಾಸು, ತಲೆಯ ಮೇಲೆ.

'ಟರಾಂಟುಲಾ ಕಚ್ಚಿ ಸತ್ತವರು ಯಾರೂ ಇಲ್ಲ' ಅನ್ನುವುದು ಇವರೆಲ್ಲರ ಬಾಯಿಪಾಠ. ಮಾತು ಹೆಚ್ಚುಕಡಿಮೆ ನಿಜ. ಬಹಳ ಜಾತಿಗಳ ಕಡಿತ ಜೇನು ಕುಟುಕಿದಷ್ಟೇ. ಪಾಠದ ಮುಂದಿನ ಪುಟ ಮಾತ್ರ ಯಾರೂ ತಿರುವಿ ಹಾಕುವುದಿಲ್ಲ. ಏಷ್ಯಾದ ಮರವಾಸಿ ಪೊಯಿಸಿಲೋಥೀರಿಯಾ ಗುಂಪಿನ ಜೇಡಗಳು ಕೂದಲು ಎರಚುವುದಿಲ್ಲ, ಆದರೆ ಕಚ್ಚಿದರೆ ಮೈಯೆಲ್ಲ ಸ್ನಾಯು ಹಿಡಿದುಕೊಂಡು ಆಸ್ಪತ್ರೆ ಸೇರಬೇಕಾಗಬಹುದು, ಕೆಲವರಿಗೆ ದಿನಗಟ್ಟಲೆ ಬಿಟ್ಟು ಬಿಟ್ಟು ಹಿಡಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಅಲ್ಲಿಯ ಟರಾಂಟುಲಾ ಕಚ್ಚಿ ನಾಯಿಗಳು ಸತ್ತಿವೆ. ಅಂದರೆ 'ಏನೂ ಮಾಡಲ್ಲ' ಅನ್ನುವ ಮಾತಿಗೆ ಸಹಿ ಹಾಕಿದವರು ಮನುಷ್ಯರು ಮಾತ್ರ. ನಾಯಿಯನ್ನು ಯಾರೂ ಕೇಳಿಲ್ಲ.

ಹಾಗೆ ನೋಡಿದರೆ ಈ ಹೆಸರಿನ ಹಣೆಬರಹದಲ್ಲೇ ಹುಚ್ಚಾಟ ಬರೆದಿದೆ. ಇಟಲಿಯ ಟಾರಂಟೋ ಊರಿನಿಂದ ಬಂದ ಹೆಸರು. ಆ ಕಡೆ ಕೆಲವು ಶತಮಾನಗಳ ಹಿಂದೆ ಜೇಡ ಕಚ್ಚಿತು ಅಂತ ಯಾರಾದರೂ ಅಂದರೆ ವಾದ್ಯದವರನ್ನು ಕರೆಸಿ, ಬೆವರಿಳಿದು ಸುಸ್ತಾಗುವ ತನಕ ಕುಣಿಸುತ್ತಿದ್ದರು. ವಿಷ ಇಳಿಯುವುದು ಹಾಗೆ ಅಂತ ನಂಬಿಕೆ. ಆರೋಪಿ ಒಂದು ತೋಳಜೇಡ, ಪಾಪ, ಅದರ ವಿಷ ಅಂಥದ್ದೇನಲ್ಲ. ಆಮೇಲೆ ಅಮೆರಿಕದಲ್ಲಿ ಕಂಡ ದೊಡ್ಡ ಕೂದಲಿನ ಜೇಡಗಳಿಗೆ ಆ ಹೆಸರು ಅಂಟಿತು. ಆಗ ಕಚ್ಚಿದ ಮೇಲೆ ಕುಣಿಯುತ್ತಿದ್ದರು. ಈಗ ಮೊದಲು ಹಾಡು ಹಾಕಿ, ಕುಣಿದು, ಆಮೇಲೆ ಕಚ್ಚಿಸಿಕೊಳ್ಳುತ್ತಾರೆ.

ಸರಿ, ಕಥೆಗೆ ಬರುತ್ತೇನೆ. ಪಾಪು ಅಂಗೈ ಮೇಲೆ ಒಂದು ಕ್ಷಣ ಕೂತಿತ್ತು. ಮರುಕ್ಷಣ ತೋಳಿನ ಗುಂಟ ಸರ್ರನೆ ಓಡಿ ಅಂಗಿಯ ಕಾಲರ್ ಹತ್ತಿರ. ಐದು ನಿಮಿಷದಲ್ಲಿ ಭಯ ಓಡಿಸುವವನು ಆಗ ಹಾಕಿದ ಕೂಗು ನನ್ನ ಬಚ್ಚಲುಮನೆ ಕೂಗಿಗಿಂತ ಒಂದು ಶ್ರುತಿ ಮೇಲೇ ಇತ್ತು. ಕೈ ಝಾಡಿಸಲು ಹೋದ. ನನಗೆ ಎಲ್ಲಿಂದ ಧೈರ್ಯ ಬಂತೋ, 'ಅಲ್ಲಾಡಬೇಡ, ಕೆಳಗೆ ಕೂತ್ಕೊ' ಅಂತ ಅರಚಿದೆ. ಯಾಕೆಂದರೆ ಅದರ ಹೊಟ್ಟೆ ನೀರು ತುಂಬಿದ ಬಲೂನಿನ ಹಾಗೆ. ಸೊಂಟದೆತ್ತರದಿಂದ ಬಿದ್ದರೂ ಒಡೆದು ಹೋಗಬಹುದು. ಜೇಡ ಕಾಲು ಚಾಚುವುದೇ ಒಳಗಿನ ದ್ರವದ ಒತ್ತಡದಿಂದ. ಅದು ಸೋರಿದರೆ ನಡೆಯಲೂ ಆಗದು, ಬದುಕಲೂ ಆಗದು. ಇವನಿಗೆ ಆದರೆ ತುರಿಕೆ, ಅದಕ್ಕೆ ಆದರೆ ಸಾವು. ಈ ಲೆಕ್ಕ ಯಾವ ವಿಡಿಯೋದಲ್ಲೂ ಬರುವುದಿಲ್ಲ.

ಸಂಜೆ ವಿಡಿಯೋ ಬಂತು. ಹನ್ನೆರಡು ಸೆಕೆಂಡು. 'ಹಾಯ್' ಮಾತ್ರ ಇತ್ತು. ಕೂಗು ಕತ್ತರಿಸಿದ್ದ.

ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಅವನ ಪುಟದಲ್ಲಿ ಕಪ್ಪು ಚೌಕಟ್ಟು. ಬೆನ್ನಡಿಯಾಗಿ ಕಾಲು ಮೇಲೆ ಮಾಡಿ ಮಲಗಿದ ಪಾಪುವಿನ ಫೋಟೋ. 'ಭಾವಪೂರ್ಣ ಶ್ರದ್ಧಾಂಜಲಿ.' ಕೆಳಗೆ ಅಳುವ ಮುಖಗಳ ಸಾಲು, 'ಒಳ್ಳೆಯವರನ್ನೇ ದೇವರು ಬೇಗ ಕರೆಸಿಕೊಳ್ಳುತ್ತಾನೆ' ಅನ್ನುವವರೂ ಇದ್ದರು. ನಾನು ಫೋನ್ ಮಾಡಿ 'ಹೂಳಬೇಡ ಮಾರಾಯ, ಮುಟ್ಟಲೂ ಬೇಡ, ಪೊರೆ ಬಿಡ್ತಾ ಇರಬೇಕು' ಅಂದೆ. ಟರಾಂಟುಲಾ ಪೊರೆ ಬಿಡುವುದು ಹಾಗೇ, ಅಂಗಾತ ಮಲಗಿ, ಗಂಟೆಗಟ್ಟಲೆ. ಸತ್ತ ಜೇಡ ಸಾಮಾನ್ಯವಾಗಿ ಕಾಲು ಒಳಗೆ ಮುದುಡಿಕೊಂಡಿರುತ್ತದೆ, ಮಗುಚಿ ಮಲಗಿರುವುದಿಲ್ಲ. ಇವನು ಆಗಲೇ ರಟ್ಟಿನ ಡಬ್ಬಿ ಹುಡುಕುತ್ತಿದ್ದ.

ಬೆಳಗ್ಗೆ ಮತ್ತೆ ಅವನದೇ ಫೋನ್. 'ಎದ್ದು ನಿಂತಿದಾಳೆ ಕಣೋ! ಪಕ್ಕದಲ್ಲಿ ಇನ್ನೊಬ್ಬಳು ಬಿದ್ದಿದಾಳೆ!' ಇನ್ನೊಬ್ಬಳು ಅಂದರೆ ಹಳೇ ಪೊರೆ, ಎಂಟು ಕಾಲಿನ ಸಮೇತ. ಶ್ರದ್ಧಾಂಜಲಿ ಅಳಿಸಿದೆಯಾ ಅಂತ ಕೇಳಿದೆ. ಅದಕ್ಕೇ ಅತಿ ಜಾಸ್ತಿ ಲೈಕ್ ಬಂದಿದೆ, ಇರಲಿ ಬಿಡು ಅಂದ.

ನೋಡಲು ಹೋದೆ, ದೂರದಿಂದಲೇ. ಹೊಸ ಬಣ್ಣ ಮಿರುಗುತ್ತಿತ್ತು. ಕೋರೆಹಲ್ಲು ಇನ್ನೂ ಬೆಳ್ಳಗೆ, ಮೆತ್ತಗೆ. ಈ ಸ್ಥಿತಿಯಲ್ಲಿ ದಿನಗಟ್ಟಲೆ ಯಾರೂ ಮುಟ್ಟಬಾರದು. ಇವನು ಆಗಲೇ ಫೋನಿಗೆ ಸ್ಟ್ಯಾಂಡ್ ಜೋಡಿಸುತ್ತಿದ್ದ. 'ಹೊಸ ಡ್ರೆಸ್ಸು, ಒಂದು ರೀಲ್ ಆಗಲೇಬೇಕು' ಅನ್ನುತ್ತಾ. ಪಾಪು ತೊಗಟೆಯ ಕೆಳಗಿನಿಂದ ನಿಧಾನವಾಗಿ ಹೊರಬಂದು ಬೆನ್ನು ತಿರುಗಿಸಿ ನಿಂತಿತು. ಇಷ್ಟು ದಿನ ಇವನ ಮೇಲೆ ಎರಚಿ ಎರಚಿ ಬೋಳಾಗಿದ್ದ ಜಾಗದಲ್ಲೆಲ್ಲ ಹೊಸ ಕೂದಲು ಒತ್ತಾಗಿ ತುಂಬಿತ್ತು.